ಚಕ್ಕಾದ ಬಟ್ಟೆ ಕಟ್ಟಿದ ಮೈಕು

ನಮ್ಮ ಕಡೆ ಮೈಕನ್ನು ಯಾರೂ ಬಾಯಿಯ ಹತ್ತಿರ ತರುತ್ತಿರಲಿಲ್ಲ. ಎಪ್ಪತ್ತರ ದಶಕದ ನವಲಗುಂದ, ಅಣ್ಣಿಗೇರಿ ಸೀಮೆಯ ಮಾತು ಇದು. ಕೈಗೆ ಮೈಕು ಬಂತೆಂದರೆ ಮನುಷ್ಯ ಮೊದಲು ಅದನ್ನು ತೋಳುದ್ದ ದೂರ ಹಿಡಿಯುತ್ತಿದ್ದ, ಆಮೇಲೆ ಹೊಲದ ಆಚೆ ಬದುವಿನಲ್ಲಿದ್ದವನನ್ನು ಕರೆಯುವ ದನಿಯಲ್ಲಿ ಒದರುತ್ತಿದ್ದ. ಹಾಗೆ ಒದರುವುದೇ ಆದರೆ ಮೈಕು ಯಾಕೆ ಎಂದು ಯಾರಿಗೂ ಅನಿಸುತ್ತಿರಲಿಲ್ಲ. ಬಾಡಿಗೆ ಕೊಟ್ಟು ತಂದ ವಸ್ತು, ಕೈಯಲ್ಲಿ ಹಿಡಿಯಬೇಕು, ಹಿಡಿಯುತ್ತಿದ್ದರು.

ದೂರ ಹಿಡಿಯುವುದಕ್ಕೆ ಒಂದು ಕಾರಣವಿತ್ತು. ಎಂಜಲು. ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಮನೆತನಗಳು ನಮ್ಮವು. ಊರ ಬಾಯಿಗಳ ಮುಂದೆಲ್ಲ ತಿರುಗಿ ಬಂದ ವಸ್ತುವನ್ನು ಅಂಥವರ ಕೈಗೆ ಕೊಟ್ಟು ತುಟಿಯ ಹತ್ತಿರ ಹಿಡಿಯಿರಿ ಎಂದರೆ ಯಾರು ಹಿಡಿಯುತ್ತಾರೆ? ಈ ಎಂಜಲಿನ ಬಗಲಲ್ಲಿ ಜಾತಿಯೂ ಕೂತಿತ್ತು, ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಆದರೆ ಒಡಹುಟ್ಟಿದ ಅಣ್ಣತಮ್ಮಂದಿರು ಕೂಡ ಒಬ್ಬರು ಮಾತಾಡಿದ ಮೈಕನ್ನು ಇನ್ನೊಬ್ಬರು ಧೋತರದ ಚುಂಗಿನಿಂದ ಒರೆಸಿಯೇ ಹಿಡಿಯುತ್ತಿದ್ದರು.

ನಾನು ಆಗ ಅಣ್ಣಿಗೇರಿಯ ಒಂದು ಶಾಲೆಯಲ್ಲಿ ಶಿಕ್ಷಕಿ. ವರ್ಷಕ್ಕೊಮ್ಮೆ ನಡೆಯುವ ಗ್ಯಾದರಿಂಗಿನಲ್ಲಿ ಮೈಕು ಹಿಡಿದು ಕಾರ್ಯಕ್ರಮ ಹೇಳುವ ಕೆಲಸ ನನ್ನದಾಗಿತ್ತು. ನನ್ನ ದನಿ ಚೆನ್ನಾಗಿತ್ತು ಎಂದಲ್ಲ, ಉಳಿದವರು ಒಲ್ಲೆ ಎಂದಿದ್ದರು. ಒಂದು ಸಲ ಮುಖ್ಯ ಅತಿಥಿಗಳು ನಿಲ್ಲಿಸಿದ ಮೈಕಿನ ಮುಂದೆ ಭಾಷಣ ಮಾಡುತ್ತಿದ್ದರು. ಬಿಸಿಲು ಇಳಿಯಿತು, ಭಾಷಣ ಇಳಿಯಲಿಲ್ಲ. ನಾನು ನನ್ನ ಕೈಮೈಕನ್ನು ಹೆಡ್‌ಮಾಸ್ತರರ ಕೈಗೆ ಕೊಟ್ಟು ಹಾರ ತರಲು ಹೋಗಿದ್ದೆ. ಅವರು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಪಕ್ಕದವರ ಕಿವಿಯ ಕಡೆ ಬಗ್ಗಿ ಮೆಲ್ಲಗೆ, "ಇವರಿಗೆ ಮನ್ಯಾಗ ಯಾರೂ ಕಾಯೂದಿಲ್ಲೇನು?" ಎಂದರು. ಅರಳೆ ಹಿಂಜುವ ಮಿಲ್ಲಿನ ತನಕ ಕೇಳಿಸಿತು. ಅತಿಥಿಗಳು ಮುಂದಿನ ವಾಕ್ಯಕ್ಕೇ ಭಾಷಣ ಮುಗಿಸಿ ಕುಳಿತರು. ಅವತ್ತು ಇಡೀ ದಿನದಲ್ಲಿ ಊರಿಗೆ ಅಗದಿ ಸ್ಪಷ್ಟವಾಗಿ ಕೇಳಿದ ಮಾತೆಂದರೆ ಆ ಪಿಸುಮಾತು ಒಂದೇ.

ಮೈಕಿನ ಬಗ್ಗೆ ನನಗೆ ಗೊತ್ತಾದದ್ದೆಲ್ಲ ಅಲ್ಲಿಂದ ಶುರುವಾಯಿತು. ಅದಕ್ಕೆ ಜೋರು ಬೇಡ, ಹತ್ತಿರ ಬೇಕು. ಗದ್ದದ ಕೆಳಗೆ ನಾಲ್ಕು ಬೆರಳು ಬಿಟ್ಟು ಹಿಡಿದರೆ ಉಸಿರಿನಷ್ಟು ದನಿಯೂ ಅದಕ್ಕೆ ಸಾಕು. ಮುಖ ತಿರುಗಿಸಿದರೆ ಅದನ್ನೂ ತಿರುಗಿಸಬೇಕು, ದನಿ ಏರುವಾಗ ಸ್ವಲ್ಪ ಸರಿಸಬೇಕು, ದನಿ ಹೊರಬೀಳುವ ಕಹಳೆಯ ಕಡೆ ಮುಖ ಮಾಡಿ ಹಿಡಿದರೆ ಅದು ಸೀಟಿ ಹೊಡೆದು ಮಾನ ಕಳೆಯುತ್ತದೆ. ಇಷ್ಟನ್ನು ನಾನು ಯಾರಿಗಾದರೂ ಕಲಿಸಬೇಕಾಗುತ್ತದೆ ಎಂದುಕೊಂಡಿರಲಿಲ್ಲ. ಕಲಿಸಿದ್ದು ನಮ್ಮ ಕಾಕುಗೆ.

ಕಾಕು ಎಂದರೆ ನನ್ನ ತಂದೆಯ ತಮ್ಮನ ಹೆಂಡತಿ. ತಿರ್ಲಾಪುರದಲ್ಲಿ ಅವರ ಮನೆ. ಕಾಕಾ ಹತ್ತಿ ಬೆಳೆಯುತ್ತಿದ್ದರು, ಉಳಿದ ವೇಳೆಯಲ್ಲಿ ಊರವರ ತಂಟೆ ಬಗೆಹರಿಸಲು ಹೋಗಿ ಅದನ್ನು ದೊಡ್ಡದು ಮಾಡಿ ಬರುತ್ತಿದ್ದರು. ಕಾಕು ಹಾಡುತ್ತಿದ್ದಳು. ನಮ್ಮ ಬಳಗದಲ್ಲಿ ಯಾರ ಮದುವೆಯಾದರೂ ಹೆಣ್ಣಿನ ಕಡೆಯ ಹಾಡು ಅವಳದೇ. ವಧೂವರರು ಒಬ್ಬರಿಗೊಬ್ಬರು ಅರಿಸಿಣ ಹಚ್ಚುವ ಉರುಟಣಿಯಲ್ಲಿ ಬೀಗರು ಬೀಗರನ್ನು ಹಾಡಿನಲ್ಲಿ ಜರೆಯುತ್ತಾರಲ್ಲ, ಅಲ್ಲಿ ಅವಳನ್ನು ಸೋಲಿಸಿದವರಿರಲಿಲ್ಲ. ಆದರೆ ಜನ ಕಾಯುತ್ತಿದ್ದದ್ದು ಕೊನೆಯ ಹಾಡಿಗೆ. ಮಗಳ ಕೈಯನ್ನು ಅತ್ತೆಯ ಕೈಯಲ್ಲಿಟ್ಟು ಇನ್ನು ಇವಳು ನಿಮ್ಮವಳು ಎನ್ನುವಾಗ ಹಾಡುವ ಒಪ್ಪಿಸುವ ಹಾಡು. ಹಾಡು ಹಳೆಯದು, ಎಲ್ಲರಿಗೂ ಬರುವಂಥದು. ಕೊನೆಯ ನುಡಿಯನ್ನು ಮಾತ್ರ ಕಾಕು ಆಯಾ ಹುಡುಗಿಗೆಂದೇ ಹೊಸದಾಗಿ ಕಟ್ಟುತ್ತಿದ್ದಳು. ಆ ನುಡಿಯಲ್ಲಿ ಹುಡುಗಿಯ ಹೊಗಳಿಕೆ ಇರುತ್ತಿರಲಿಲ್ಲ, ಅವಳ ಒಂದು ಕುಂದು ಇರುತ್ತಿತ್ತು.

ನನ್ನ ಮದುವೆಯಲ್ಲಿ ತುಂಬಿದ ಹಂದರದ ಮುಂದೆ ಅವಳು ಹಾಡಿದ್ದು ಇದು:

ಪುಸ್ತಕ ಹಿಡಿದಾಳ, ಹಾಲುಕ್ಕಿ ಹರಿದಾವ
ಸಿಟ್ಟು ಮಾಡಬ್ಯಾಡ್ರಿ ಬೀಗಿತ್ತಿ, ನಮ್ಮ ಹುಡುಗಿ
ಪುಟ ಮುಗಿಸಿ ಒಲಿಯ ನೋಡ್ಯಾಳ

ಎಲ್ಲರೂ ನಕ್ಕರು. ನನಗೆ ನೆಲ ಬಿರಿದು ನುಂಗಬಾರದೇ ಅನಿಸಿತು. ನನ್ನ ಅತ್ತೆಯವರು ಆ ನುಡಿಯನ್ನು ಕಡೆಯ ತನಕ ಮರೆಯಲಿಲ್ಲ. ನಾನು ಹಾಲು ಉಕ್ಕಿಸಿದಾಗೆಲ್ಲ ಬೈಯಲು ಬಾಯಿ ತೆರೆದವರು ಆ ನುಡಿ ನೆನಪಾಗಿ ನಕ್ಕುಬಿಡುತ್ತಿದ್ದರು. ಬೇರೆ ಸೊಸೆಯರು ಅತ್ತೂ ಗಳಿಸಲಾಗದ ಮಾಫಿ ನನಗೆ ಮುಂಗಡವಾಗಿ ಸಿಕ್ಕಿತ್ತು. ಕಾಕು ಕುಂದು ಹುಡುಕಿ ಹಾಡುತ್ತಿದ್ದದ್ದು ಅದಕ್ಕೇ ಎಂದು ತಿಳಿಯುವ ಹೊತ್ತಿಗೆ ನಾನು ಬಹಳ ಹಾಲು ಉಕ್ಕಿಸಿಯಾಗಿತ್ತು.

ನನ್ನ ಮದುವೆಯ ಮರುವರ್ಷ ಕಾಕುವಿನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಡಾಕ್ಟರರು ಮೊದಲೇ ಹೇಳಿದ್ದರು, ಹಾಗೇ ಆಯಿತು. ಉಳಿದದ್ದು ಜೋಳದ ಒಣಗಿದ ಎಲೆ, ರವದಿ, ಸವರಿದಂಥ ಸಪ್ಪಳ. ಅದರಲ್ಲಿ ಸ್ವರವಿತ್ತು, ಗಾತ್ರವಿರಲಿಲ್ಲ. ಪಕ್ಕದಲ್ಲಿ ಕುಳಿತವರಿಗೆ ಹಾಡು, ಎದುರಿನ ಗೋಡೆಗೆ ಕುಳಿತವರಿಗೆ ಬರೀ ಬಾಯಿಯ ಅಲುಗಾಟ. ಮನೆಯವರನ್ನು ಕರೆಯಲು ಅವಳು ಅಡಿಗೆಮನೆಯಲ್ಲಿ ತಾಟಿನ ಮೇಲೆ ಸೌಟಿನಿಂದ ಬಡಿಯುತ್ತಿದ್ದಳು. ಮಗಳಿಗೊಂದು ಬಡಿತ, ಕಾಕಾಗೊಂದು ಬಡಿತ. ಕಾಕಾ ತಮ್ಮ ಬಡಿತ ಕೇಳಿಸಲಿಲ್ಲ ಎಂದು ಎಷ್ಟೋ ಸಲ ನಟಿಸಿದರು, ಮಗಳು ಮಾತ್ರ ಯಾವ ಮೂಲೆಯಲ್ಲಿದ್ದರೂ ಎದ್ದು ಬರುತ್ತಿದ್ದಳು. ಆ ಮನೆ ಎಷ್ಟು ಒಗ್ಗಿಹೋಗಿತ್ತೆಂದರೆ ಬಾಯಿಬಿಟ್ಟು ಹೆಸರು ಕರೆದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಆ ಮಗಳ ಮದುವೆ ಗೊತ್ತಾಯಿತು. ಒಬ್ಬಳೇ ಮಗಳು. ವರನ ಕಡೆಯವರು ಕುಂದಗೋಳದವರು. ಆ ಊರಿನ ಗಾಳಿಯಲ್ಲೇ ಸಂಗೀತ ಇದೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ವರನ ತಾಯಿ ಹಾರ್ಮೋನಿಯಂ ಪೇಟಿ ಹಿಡಿದು ರೀತಿಪ್ರಕಾರ ಕಲಿತವರು, ಕಂಚಿನ ಕಂಠದವರು. ನಮ್ಮ ಹೆಂಗಸರಿಗೆ ಚಿಂತೆಯಾಯಿತು. ಬೀಗರ ಮುಂದೆ ಮರ್ಯಾದೆ ಹೋಗಬಾರದು, ಈ ಸಲ ಹಾಡು ನೀನೇ ಹಿಡಿ ಎಂದು ನನಗೆ ಹೇಳಿದರು. ಉರುಟಣಿಯ ಹಾಡನ್ನು ನಾನು ಹೇಗೋ ಒಪ್ಪೇನು, ಆದರೆ ಕೊನೆಯ ನುಡಿ? ಅದನ್ನು ಹೇಳಿಕೊಡು, ನಾನು ಕಲಿತು ಹಾಡುತ್ತೇನೆ ಎಂದು ಕಾಕುಗೆ ಕೇಳಿದೆ. ಕಾಕು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಮಂದಿ ಮಕ್ಕಳಿಗೆಲ್ಲಾ ನಾ ಹಾಡೀನಿ. ನನ್ನ ಮಗಳಿಗೆ ಮಂದಿ ಯಾಕ ಹಾಡಬೇಕು?" ಎಂದಳು.

ನಾನು ಮಂದಿಯೇ ಎಂದು ನನಗೆ ನೋವಾಯಿತು. ಆದರೆ ಅವಳ ಮಾತು ಸರಿಯಾಗಿತ್ತು. ಹಾಗಾಗಿ ಮೈಕಿನ ವಿಚಾರ ಎತ್ತಿದೆ. ಕಾಕುಗೆ ನಗು ಬಂತು. ಅವಳ ಲೆಕ್ಕದಲ್ಲಿ ಮೈಕು ದನಿ ಇದ್ದವರು ಇನ್ನೂ ಒದರುವುದಕ್ಕೆ ಮಾಡಿದ ಸಾಧನ. ಹೆಡ್‌ಮಾಸ್ತರರ ಕಥೆ ಹೇಳಿದೆ. ಕಾಕು ಆರಿಸುವುದನ್ನು ನಿಲ್ಲಿಸಿದಳು. ಅವರು ಎಷ್ಟು ಮೆಲ್ಲಗೆ ಅಂದಿದ್ದರು, ಮಿಲ್ಲು ಎಷ್ಟು ದೂರ ಎಂದು ಕೇಳಿದಳು. ಆಮೇಲೆ ಮೊರ ಬದಿಗಿಟ್ಟಳು.

ತಾಲೀಮು ಅಡಿಗೆಮನೆಯಲ್ಲಿ ಲಟ್ಟಣಿಗೆಯ ಮೇಲೆ ನಡೆಯಿತು. ಅವಳು ಮಡಿಯಲ್ಲಿದ್ದಾಗ ನಾನು ಹೊಸ್ತಿಲಾಚೆ ನಿಂತು ಬೇರೊಂದು ಲಟ್ಟಣಿಗೆ ಹಿಡಿದು ತೋರಿಸುತ್ತಿದ್ದೆ. ಗದ್ದಕ್ಕೆ ಹತ್ತಿರ, ಮೂಗಿಗಲ್ಲ. ತುದಿಯನ್ನು ಮುಷ್ಟಿಯಲ್ಲಿ ಮುಚ್ಚಬೇಡ. ತಲೆ ಅಲ್ಲಾಡಿಸಿದರೆ ಲಟ್ಟಣಿಗೆಯೂ ಅಲ್ಲಾಡಲಿ. ಕಾಕು ಚಪಾತಿ ಲಟ್ಟಿಸುವುದರ ನಡುವೆ ಎತ್ತಿ ಹಾಡಿ, ಮತ್ತೆ ಇಳಿಸಿ ಲಟ್ಟಿಸುತ್ತಿದ್ದಳು. ಅವಳ ಗದ್ದಕ್ಕೆ ಹಿಟ್ಟು ಹತ್ತುತ್ತಿತ್ತು. ಇಬ್ಬರು ಹೆಂಗಸರು ಲಟ್ಟಣಿಗೆಯ ಜೊತೆ ಮಾತಾಡುವುದನ್ನು ಕಾಕಾ ಒಮ್ಮೆ ಬಾಗಿಲಲ್ಲಿ ನಿಂತು ನೋಡಿದರು. ಏನೂ ಕೇಳದೆ ಹೊರಗೆ ಹೋದರು.

ಮದುವೆ ವೈಶಾಖದಲ್ಲಿ. ನವಲಗುಂದದಿಂದ ಮೈಕಿನವ ಎತ್ತಿನ ಗಾಡಿಯಲ್ಲಿ ಸೆಟ್ಟು ತಂದ. ಒಂದು ಕಹಳೆಯನ್ನು ಬೇವಿನ ಮರಕ್ಕೆ ಕಟ್ಟಿದ. ಇನ್ನೊಂದನ್ನು ಬಸ್ಸು ನಿಲ್ಲುವ ಕಡೆ ಮುಖ ಮಾಡಿ ಮಾಳಿಗೆಯ ಮೇಲೆ ಕಟ್ಟಬೇಕೆಂದು ಕಾಕಾ ಹಟ ಹಿಡಿದರು. ಬಸ್ಸಿಗೆ ಕಾಯುವವರಿಗೂ ತಮ್ಮ ಮನೆಯ ಮದುವೆ ಗೊತ್ತಾಗಬೇಕು ಎಂಬುದು ಅವರ ಆಸೆ. ಮೈಕಿನವ ತನ್ನ ವಿದ್ಯೆಯ ಬಗ್ಗೆ ಬಹಳ ಅಭಿಮಾನ ಇದ್ದವನು. ಮೈಕು ಕೇಳಿದವರಿಗೆಲ್ಲ ಒಂದೇ ಉಪದೇಶ ಮಾಡುತ್ತಿದ್ದ. "ಜೋರ್ ಮಾತಾಡ್ರಿ, ಮಿಷನ್ನಿಗೂ ಕೇಳಬೇಕಲ್ಲ."

ಮೊದಲು ಅವನೇ ಮೈಕನ್ನು ಬಾಯಿಯ ಹತ್ತಿರ ಹಿಡಿದು ಎರಡು ಸಲ ಊದಿದ. ಕಾಕು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಅವಳ ಮುಖ ನೋಡಿದೆ, ಇವತ್ತು ಕೆಟ್ಟಿತು ಎಂದು ನನಗೆ ಆಗಲೇ ಗೊತ್ತಾಯಿತು. ಲಟ್ಟಣಿಗೆಯ ಮೇಲೆ ಎಲ್ಲ ಕಲಿಸಿದ್ದೆ, ಎಂಜಲನ್ನು ಮರೆತಿದ್ದೆ. ಲಟ್ಟಣಿಗೆ ಮಡಿ ವಸ್ತು, ಅದು ಊರ ಬಾಯಿ ನೋಡಿದ್ದಿಲ್ಲ.

ಆಮೇಲೆ ಕಾಕಾ ಅದರಲ್ಲಿ ಅಡಿಗೆಯ ಆಚಾರಿಯನ್ನು ಕರೆದರು. ಯಾರದೋ ಕಳೆದ ಕೂಸಿನ ಅಂಗಿಯ ಬಣ್ಣ ಹೇಳಿದರು. ಬಾಯಿತುಂಬ ಎಲೆಅಡಿಕೆ ಇದ್ದ ಹಿರಿಯರೊಬ್ಬರು ವಧೂವರರಿಗೆ ಆಶೀರ್ವಾದ ಮಾಡಿದರು, ಆಶೀರ್ವಾದದ ಕೆಂಪು ಹನಿಗಳು ಮೈಕಿನ ಜಾಲರಿಯ ಮೇಲೆ ನಿಂತವು. ಕಾಕು ಕೆಲಸದ ನಡುವೆಯೂ ಒಂದು ಕಣ್ಣು ಅದರ ಮೇಲೆ ಇಟ್ಟಿದ್ದಳು. ಊಟದ ಪಂಕ್ತಿಗಳು ಏಳುವ ಹೊತ್ತಿಗೆ ನನ್ನನ್ನು ಕರೆದು ಕಿವಿಯಲ್ಲಿ, "ಅದನ್ನ ಒಂದು ಸಲ ತೊಳದು ಕೊಡು ಅಂತ ಹೇಳವಗ" ಎಂದಳು.

ನಾನು ಹೋಗಿ ಹೇಳಿದೆ. ಹೇಳಬಾರದಿತ್ತು. ಮೈಕಿನವ ಮೈಕನ್ನು ಎದೆಗೆ ಅವಚಿಕೊಂಡು ನಿಂತ.

"ಅಕ್ಕೋರ, ನೀವು ಸಾಲಿ ಕಲಿಸಾವ್ರು. ನೀವs ಹಿಂಗಂದ್ರ ಹೆಂಗ್ರಿ" ಎಂದ. ಅದಾದ ಮೇಲೆ ಸಂಜೆಯ ತನಕ ನೀರಿನ ಕೊಡ ಹಿಡಿದು ಯಾರು ಹಾದುಹೋದರೂ ಅವನು ಎದ್ದು ನಿಲ್ಲುತ್ತಿದ್ದ.

ತೊಳೆಯಲು ಬರುವುದಿಲ್ಲವಂತೆ ಎಂದು ಕಾಕುಗೆ ಹೇಳಿದೆ. ಹಾಗಾದರೆ ದೂರ ಹಿಡಿಯುತ್ತೇನೆ ಎಂದಳು. ನನಗೆ ಸಿಟ್ಟು ಬಂತು. ಅಷ್ಟು ದಿನದ ತಾಲೀಮು, ಅಷ್ಟು ಹಿಟ್ಟು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಮಗಳ ಹಾಡು ಮುಖ್ಯವೋ ಮಂದಿ ಉಗುಳು ಮುಖ್ಯವೋ ಎಂದು ಕೇಳಿಯೇ ಬಿಟ್ಟೆ. ಎರಡೂ ಮುಖ್ಯ ಎಂದಳು.

ಮಧ್ಯಾಹ್ನ ಉರುಟಣಿ ಶುರುವಾಯಿತು. ಹಂದರದ ನಡುವೆ ಜಮಖಾನೆ ಹಾಸಿ ವಧೂವರರನ್ನು ಕೂಡಿಸಿದ್ದರು. ಒಂದು ಬದಿಗೆ ಕುಂದಗೋಳದ ಹೆಂಗಸರು, ಇನ್ನೊಂದು ಬದಿಗೆ ನಾವು. ಮೊದಲು ವರನ ತಾಯಿ ಮೈಕು ತೆಗೆದುಕೊಂಡರು. ಅವರೂ ಅದನ್ನು ದೂರವೇ ಹಿಡಿದರು, ಆದರೆ ಅವರ ಕಂಠಕ್ಕೆ ಅದು ಅಡ್ಡಿಯಾಗಲಿಲ್ಲ. ಅವರು ದನಿ ತೆಗೆದ ಕೂಡಲೇ ಕಹಳೆ ಒಡೆದಂತೆ ಬಿರಿಯಿತು, ಬೇವಿನ ಮರದ ಕಾಗೆಗಳು ಎದ್ದು ಹೋದವು. ನವಲಗುಂದದ ಸೀಮೆಯ ಸವುಳು ನೀರಿನ ಮೇಲೆ ಹಾಡು ಕಟ್ಟಿದ್ದರು:

ತಿರ್ಲಾಪುರದ ಬೀಗರು ಅಡಿಗಿ ಚೆಂದ ಮಾಡ್ಯಾರ
ಸಾರಿಗೆ ಉಪ್ಪು ಹಾಕಿಲ್ಲ, ಅವರ ಬಾವಿ
ನೀರs ಉಪ್ಪಾಗಿ ಉಳಿತಾಯ

ಕುಂದಗೋಳದವರು ಚಪ್ಪಾಳೆ ತಟ್ಟಿದರು. ನಮ್ಮವರೂ ಕೆಲವರು ನಕ್ಕರು, ಬಾವಿಯ ಮಾತು ಸುಳ್ಳಾಗಿರಲಿಲ್ಲ.

ಮೈಕು ಕಾಕುವಿನ ಕೈಗೆ ಬಂತು. ಅವಳು ಎದ್ದು ನಿಂತು ತೋಳುದ್ದ ದೂರ ಹಿಡಿದು ಹಾಡಿದಳು. ಅವಳ ಬಾಯಿ ಆಡುವುದು ಕಾಣಿಸುತ್ತಿತ್ತು. ಎರೆಹೊಲದ ಮೇಲಿಂದ ಬರುವ ವೈಶಾಖದ ಗಾಳಿ ಮೈಕಿನೊಳಗೆ ಹೊಕ್ಕು ಎರಡೂ ಕಹಳೆಗಳಲ್ಲಿ ಭುರ್ರೆಂದಿತು. ಊರಿಗೆಲ್ಲ ಗಾಳಿ ಕೇಳಿಸಿತು, ಕಾಕು ಕೇಳಿಸಲಿಲ್ಲ. ಮೈಕಿನವ ಕೂತಲ್ಲಿಂದಲೇ ಜೋರ್ ಹೇಳ್ರಿ ಎಂದ. ಕಾಕು ಇನ್ನಷ್ಟು ಪ್ರಯತ್ನಿಸಿದಳು, ಕೊರಳಿನ ನರ ಉಬ್ಬಿದವು. ನಾನು ಅಂಥದನ್ನು ನೋಡಲಾರೆ. ನೆಲ ನೋಡುತ್ತ ಕುಳಿತೆ.

ವರನ ತಾಯಿ ಕೆಟ್ಟವರಲ್ಲ. ಅವರಿಗೆ ಕನಿಕರ ಬಂತು. "ಬಿಡ್ರಿ, ಅವರ ಗಂಟಲಕ್ಕ ಯಾಕ ತ್ರಾಸು. ಎರಡೂ ಕಡೆದು ನಾನs ಹಾಡ್ತೀನಿ, ಒಪ್ಪಸೂ ಹಾಡೂ ನಾನs ಹಾಡ್ತೀನಿ. ಇನ್ನ ಮ್ಯಾಲೆ ನನ್ನ ಮಗಳs ಅಲ್ಲೇನು" ಎಂದರು.

ಒಳ್ಳೆಯ ಮಾತೇ. ಅದಕ್ಕಿಂತ ಕೆಟ್ಟ ಮಾತನ್ನು ಆ ಹೊತ್ತಿನಲ್ಲಿ ಯಾರಿಂದಲೂ ಆಡಲಾಗುತ್ತಿರಲಿಲ್ಲ. ಜಮಖಾನೆಯ ಮೇಲೆ ಅರಿಸಿಣ ಹಚ್ಚಿಕೊಂಡು ಕುಳಿತಿದ್ದ ನನ್ನ ತಂಗಿ, ಕಾಕುವಿನ ಮಗಳು, ತಲೆ ತಗ್ಗಿಸಿದಳು.

ಕಾಕು ಮೈಕನ್ನು ಜಮಖಾನೆಯ ಮೇಲಿಟ್ಟು ಒಳಗೆ ಹೋದಳು. ಅಳಲು ಹೋದಳು ಎಂದುಕೊಂಡೆವು. ಯಾರೋ ನನ್ನನ್ನು ಎದ್ದು ಹಾಡು ಎಂದು ತಿವಿಯುತ್ತಿದ್ದರು. ಅಷ್ಟರಲ್ಲಿ ಅವಳು ತಿರುಗಿ ಬಂದಳು. ಕೈಯಲ್ಲಿ ಚಕ್ಕಾ ಕಟ್ಟುವ ಬಟ್ಟೆ ಇತ್ತು. ಶ್ರೀಖಂಡಕ್ಕೆಂದು ಮೊಸರು ಕಟ್ಟಿ ನೀರು ಬಸಿಯಲು ಅಡಿಗೆಮನೆಯಲ್ಲಿ ತೂಗುಹಾಕುತ್ತಾರಲ್ಲ, ಆ ತೆಳ್ಳನೆಯ ಮಲಮಲ್ಲು. ಹಿಂಡಿ ಒಣಹಾಕಿದ್ದಳು, ಮಡಿಯ ಹಗ್ಗದ ಮೇಲಿಂದ ತಂದಿದ್ದಳು. ಅದನ್ನು ಮೈಕಿನ ತಲೆಗೆ ಎರಡು ಸುತ್ತು ಸುತ್ತಿ, ತನ್ನ ಮುಡಿಯ ಮಲ್ಲಿಗೆಯ ದಾರ ಬಿಚ್ಚಿ ಕಟ್ಟಿದಳು. ಮೈಕಿನವ ಎದ್ದು ನಿಂತ. ಕಾಕಾ ಅವನ ಹೆಗಲ ಮೇಲೆ ಕೈಯಿಟ್ಟು ಕೂಡಿಸಿದರು. ಅವರು ಬಗೆಹರಿಸಿದ ತಂಟೆಗಳಲ್ಲಿ ನಾನು ಕಣ್ಣಾರೆ ನೋಡಿದ್ದು ಇದೊಂದೇ.

ಕಾಕು ಮೈಕನ್ನು ಗದ್ದದ ಮುಂದೆ ತಂದಳು. ತುಟಿ ಬಟ್ಟೆಗೆ ತಾಗುವಷ್ಟು ಹತ್ತಿರ. ಗಾಳಿಯ ಭುರ್ರು ನಿಂತಿತು. ಬೇವಿನ ಮರದಿಂದ, ಮಾಳಿಗೆಯಿಂದ ಒಮ್ಮೆಲೇ ಅವಳ ಉಸಿರು ಕೇಳಿಸಿತು, ಆಮೇಲೆ ಹಾಡು. ದೊಡ್ಡದಾಗಿ ಅಲ್ಲ. ಪ್ರತಿಯೊಬ್ಬರ ಬಗಲಲ್ಲಿ ಕುಳಿತು ಅವರೊಬ್ಬರಿಗೇ ಹೇಳುತ್ತಿದ್ದಾಳೆ ಎಂಬಂತೆ:

ಉಪ್ಪಿನ ನೀರಂತ ಮೂಗು ಮುರಿದಾರ ಬೀಗಿತ್ತಿ
ಶ್ರೀಖಂಡ ಬಂದಾಗ ಮೂರು ಸರ್ತಿ, ಕೈ ಒಡ್ಡಿ
ಸಾಕಂಬೂ ಮಾತು ಮರತಾರ

ಮೊದಲು ಯಾರೂ ನಗಲಿಲ್ಲ. ಅಂಥ ಮೆಲುದನಿ ಕಹಳೆಯಿಂದ ಬಂದದ್ದನ್ನು ಯಾರೂ ಕೇಳಿದ್ದಿಲ್ಲ. ಆಮೇಲೆ ಕುಂದಗೋಳದ ಕಡೆಯಿಂದಲೇ ನಗು ಎದ್ದಿತು. ಬಸ್ಸಿಗೆ ಕಾಯುತ್ತಿದ್ದವರೂ ನಕ್ಕರೆಂದು ಕಾಕಾ ಬಹಳ ವರ್ಷ ಹೇಳುತ್ತಿದ್ದರು. ಒದರಿ ಬೈದರೆ ಜಗಳ, ಪಿಸುಗುಟ್ಟಿ ಬೈದರೆ ಅದು ಚಾಡಿ, ಚಾಡಿ ಕೇಳಲು ಎಲ್ಲರೂ ಮುಂದೆ ಬಗ್ಗುತ್ತಾರೆ. ಕಾಕು ನಾನು ಕಲಿಸಿದ್ದನ್ನೆಲ್ಲ ಮಾಡಿದಳು, ಕಲಿಸದ್ದನ್ನೂ ಮಾಡಿದಳು. ಕುಹಕ ಬರುವ ಕಡೆ ಮೈಕನ್ನು ಇನ್ನೂ ಹತ್ತಿರ ತಂದು ದನಿ ಇಳಿಸಿದಳು, ಬೀಗಿತ್ತಿ ಎನ್ನುವಾಗ ಸ್ವಲ್ಪ ಸರಿಸಿ ಅವರ ಕಡೆ ನೋಡಿದಳು. ಉಸಿರು ಸಾಲದಾಗ ಉಸಿರು ತೆಗೆದುಕೊಳ್ಳುವುದನ್ನೇ ತಾಳ ಮಾಡಿಕೊಂಡಳು. ಅವಳಿಗೆ ದನಿ ಇದ್ದಾಗಲೂ ನಾನು ಅಂಥ ಹಾಡು ಕೇಳಿರಲಿಲ್ಲ.

ಮತ್ತೆ ಮೈಕು ವರನ ತಾಯಿಯ ಕೈಗೆ ಹೋಯಿತು. ಬಟ್ಟೆಯನ್ನು ಮೂಸಿ ನೋಡಿದರು. "ಮೊಸರಿನ ವಾಸನಿ ಬರ್ತದ" ಎಂದು ಮೈಕಿನಲ್ಲೇ ಹೇಳಿದರು, ಅದೂ ಬಸ್‌ಸ್ಟ್ಯಾಂಡಿಗೆ ಮುಟ್ಟಿತು. ಆದರೆ ಮುಂದಿನ ಹಾಡನ್ನು ಅವರೂ ದನಿ ತಗ್ಗಿಸಿಯೇ ಹಾಡಿದರು. ಒಪ್ಪಿಸುವ ಹಾಡಿನ ಮಾತನ್ನು ಮತ್ತೆ ಎತ್ತಲಿಲ್ಲ.

ಬಿಸಿಲು ಇಳಿದ ಮೇಲೆ ಹುಡುಗಿಯನ್ನು ಒಪ್ಪಿಸುವ ಹೊತ್ತಾಯಿತು. ವರನ ತಾಯಿ ಮಣೆಯ ಮೇಲೆ ಕುಳಿತರು. ತಂಗಿಯ ಎರಡೂ ಕೈಗಳನ್ನು ಅವರ ಕೈಯಲ್ಲಿ ಇಟ್ಟಾಯಿತು. ಕಾಕು ಪಕ್ಕದಲ್ಲಿ ನಿಂತಳು. ಮೈಕಿನ ವಾಯರು ಕಾಲಿಗೆ ತೊಡಕದಂತೆ ನಾನು ಹಿಡಿದುಕೊಂಡು ಹಿಂದೆ ನಿಂತಿದ್ದೆ. ಹಳೆಯ ಹಾಡು ನಡೆಯಿತು. ತಂಗಿ ಅಳತೊಡಗಿದಳು, ಎರಡೂ ಕೈ ಬೇರೆಯವರ ಕೈಯಲ್ಲಿ, ಒರೆಸಿಕೊಳ್ಳಲು ಆಗುತ್ತಿರಲಿಲ್ಲ. ಕಾಕು ಹಾಡುತ್ತಲೇ ಮೈಕಿಗೆ ಕಟ್ಟಿದ ದಾರ ಎಳೆದು, ಆ ಬಟ್ಟೆ ಬಿಚ್ಚಿ, ಮಗಳ ಕಣ್ಣು ಮೂಗು ಒರೆಸಿದಳು. ಬಟ್ಟೆ ಮಗಳ ಹೆಗಲ ಮೇಲೇ ಉಳಿಯಿತು. ಕಾಕು ಬರಿಯ ಮೈಕನ್ನು ತುಟಿಗೆ ಹಚ್ಚಿ ಕೊನೆಯ ನುಡಿಗೆ ಬಂದಳು. ಎಲೆಅಡಿಕೆಯ ಕೆಂಪು ಹನಿಗಳು ಅಲ್ಲೇ ಇದ್ದವು. ಅವಳು ನೋಡಲಿಲ್ಲ.

ಹೆಸರ್ಹಿಡಿದು ಕರದರ ಓ ಅನ್ನೂದು ಮರತಾಳ
ಕಿವುಡಿ ಅನಬ್ಯಾಡ್ರಿ ಬೀಗಿತ್ತಿ, ತಾಟು ಬಡೀರಿ
ದನಿಯಿಲ್ಲದ ತಾಯಿ ಮಗಳೀಕಿ

ಯಾರೂ ನಗಲಿಲ್ಲ. ಹಂದರದಲ್ಲಿ ನಿಂತವರೆಲ್ಲ ಅತ್ತರು, ನಾನೂ ಅತ್ತೆ. ಮೈಕಿನವ ಪೆಟ್ಟಿಗೆಯ ಕಡೆ ಮುಖ ಮಾಡಿ ಗುಂಡಿ ತಿರುವುತ್ತಿದ್ದ, ತಿರುವುವ ಅಗತ್ಯವೇನೂ ಇರಲಿಲ್ಲ. ವರನ ತಾಯಿ ತಂಗಿಯ ಕೈಗಳನ್ನು ತಮ್ಮ ಎರಡೂ ಕೈಯಿಂದ ಮುಚ್ಚಿ ಹಿಡಿದರು. ಹಾಡು ಮುಗಿಯಿತೆಂದು ಎಲ್ಲರೂ ತಿಳಿದೆವು.

ಮುಗಿದಿರಲಿಲ್ಲ. ಕಾಕು ಮೈಕು ಹಿಡಿದ ಕೈಯನ್ನು ಇಳಿಸಿದಳು. ಅದನ್ನು ಸೀರೆಯ ನಿರಿಗೆಗಳ ನಡುವೆ ಒತ್ತಿ ಹಿಡಿದು, ಮಗಳ ಕಿವಿಗೆ ಬಾಯಿ ಹಚ್ಚಿ ಇನ್ನೂ ಒಂದು ನುಡಿ ಹಾಡಿದಳು. ತಂಗಿ ಅಳುವುದನ್ನು ನಿಲ್ಲಿಸಿ ಕೇಳಿದಳು, ಗೋಣು ಹಾಕಿದಳು. ಕಹಳೆಗಳಲ್ಲಿ ಸೀರೆ ತಿಕ್ಕುವ ಸಪ್ಪಳ ಬಿಟ್ಟರೆ ಏನೂ ಇರಲಿಲ್ಲ. ಮಾಳಿಗೆಯ ವಾಯರು ಕಿತ್ತಿದೆ ಎಂದು ಮೈಕಿನವ ನಿಚ್ಚಣಿಕೆಯ ಕಡೆ ಓಡಿದ. ನಾನು ಒಂದು ಮೊಳ ದೂರದಲ್ಲಿ ನಿಂತಿದ್ದೆ, ನನಗೂ ಕೇಳಿಸಲಿಲ್ಲ.

ಮೈಕನ್ನು ಹೇಗೆ ಹಿಡಿಯಬೇಕೆಂದು ಅವಳಿಗೆ ಕಲಿಸಿದವಳು ನಾನು. ಇಳಿಸುವುದನ್ನು ನಾನು ಕಲಿಸಿರಲಿಲ್ಲ, ನನಗೆ ಗೊತ್ತೂ ಇರಲಿಲ್ಲ.

ಮುಂದೆ ಕುಂದಗೋಳಕ್ಕೆ ಹೋದಾಗಲೆಲ್ಲ ತಂಗಿಯ ಮನೆಗೆ ಹೋಗುತ್ತಿದ್ದೆ. ಅವಳ ಅತ್ತೆಯವರ ಕಂಠ ಮೊದಲಿನಂತೆಯೇ ಕಂಚಿನ ಕಂಠ, ಓಣಿಯ ಹೂವಿನವಳನ್ನು ಒಳಮನೆಯಲ್ಲಿ ಕುಳಿತೇ ನಿಲ್ಲಿಸುವರು. ಸೊಸೆಯನ್ನು ಕರೆಯಬೇಕಾದರೆ ಮಾತ್ರ ತಾಟು ತೆಗೆದುಕೊಂಡು ಸೌಟಿನಿಂದ ಬಡಿಯುತ್ತಿದ್ದರು. ತಂಗಿ ಎಲ್ಲಿದ್ದರೂ ಎದ್ದು ಬರುತ್ತಿದ್ದಳು.

ಕಾಕು ತೀರಿಕೊಂಡ ವರ್ಷ ನಾವಿಬ್ಬರೂ ತಿರ್ಲಾಪುರದ ಆ ಅಡಿಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಿದ್ದೆವು. ಲಟ್ಟಣಿಗೆ ಕೈಗೆ ಬಂತು. ಅವತ್ತು ಕಿವಿಯಲ್ಲಿ ಏನು ಹಾಡಿದಳು, ಈಗಲಾದರೂ ಹೇಳು ಎಂದು ತಂಗಿಗೆ ಕೇಳಿದೆ. ಅವಳು ಲಟ್ಟಣಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಒರೆಸಿದಳು.

"ನಿನಗ ಕೇಳಸಬೇಕಂತಿದ್ದರ ಮೈಕಿನ್ಯಾಗ ಹಾಡ್ತಿದ್ದಳು" ಎಂದಳು.

ಆಮೇಲೆ ಅದನ್ನು ಚೀಲದಲ್ಲಿಟ್ಟುಕೊಂಡು ಚಹಾಕ್ಕೆ ನೀರಿಟ್ಟಳು.